ಅಪ್ಪನ ಭೋಂಗಾದಲ್ಲಿ ನನ್ನ ಪಾಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಅಪ್ಪನಿಂದ ಬೈಸಿಕೊಳ್ಳುವ ಭಾಗ್ಯ ಅಕ್ಕನಿಗೆ ಮಾತ್ರ ಇತ್ತು. ನನಗೆ ಇರಲಿಲ್ಲ. ಭಾಗ್ಯ ಅಂದೆನೆಂದು ನಗಬೇಡಿ. ಅಕ್ಕನ ಹೊಸ ಪರಕಾರ-ಪೋಲಕಾ ನೋಡಿ ನಾನು ಹೊಟ್ಟೆಕಿಚ್ಚು ಪಟ್ಟವಳಲ್ಲ. ಅವಳ ಉದ್ದ ಜಡೆ ನೋಡಿ ಸ್ವಲ್ಪ ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪ ಅವಳಿಗೆ ಬೈಯುವುದನ್ನು ಕೇಳುವಾಗ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿಯಲ್ಲಿ ಅವ್ವ ಹತ್ತು ರೊಟ್ಟಿ ಸುಡಬಹುದಿತ್ತು.

ಇದನ್ನು ಈಗ ಹೇಳಲು ಕಾರಣವಿದೆ. ಮೊಮ್ಮಕ್ಕಳೇ, ನೀವಿಬ್ಬರೂ ದಿನಕ್ಕೆ ಹತ್ತು ಸಲ “ಅಮ್ಮ ಭೋಂಗಾ ಹೊಡದ್ಲು” ಎನ್ನುತ್ತೀರಿ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಅದನ್ನೇ ಶಾಲೆಯ ಪ್ರಬಂಧದಲ್ಲಿ ಬರೆದಿದ್ದಳು. ಟೀಚರು ಕೆಂಪು ಗೆರೆ ಎಳೆದು, ಹೀಗೆಂದರೇನು ಎಂದು ಪಕ್ಕದಲ್ಲಿ ಬರೆದು ಕಳಿಸಿದರು. ಅವರ ತಪ್ಪಲ್ಲ. ನಿಘಂಟು ತೆಗೆದು ನೋಡಿದರೆ ನೀವು ಹೇಳುವ ಅರ್ಥ ಅದರಲ್ಲಿ ಸಿಗುವುದಿಲ್ಲ. ಆ ಅರ್ಥ ಹುಟ್ಟಿದ್ದು ಇದೇ ದಾಂಡೇಲಿಯಲ್ಲಿ, ಪೇಪರ್ ಮಿಲ್ಲಿನ ಗೇಟಿನ ಎದುರಿಗಿದ್ದ ಒಂದು ನೇರಳೆ ಮರದ ಕೆಳಗೆ. ಹುಟ್ಟಿಸಿದವರು ನನ್ನ ಅಪ್ಪ. ಹಾಗಾಗಿ ಅದರ ಕಥೆ ಹೇಳುವ ಹಕ್ಕು ನನ್ನದು.

ಭೋಂಗಾ ಎಂದರೆ ಮಿಲ್ಲಿನ ಸೈರನ್ನು. ಪಾಳಿ ಬದಲಾಗುವಾಗ ಒಮ್ಮೆ, ಊಟಕ್ಕೆ ಬಿಡುವಾಗ ಒಮ್ಮೆ, ಮತ್ತೆ ಒಳಗೆ ಕರೆಯುವಾಗ ಒಮ್ಮೆ ಅದು ಕೂಗುತ್ತಿತ್ತು. ಮೊದಲು ದನ ನರಳಿದ ಹಾಗೆ ಮೆಲ್ಲಗೆ ಏಳುತ್ತಿತ್ತು, ಆಮೇಲೆ ಕಿವಿ ಮುಚ್ಚಿಕೊಳ್ಳುವಷ್ಟು ಜೋರಾಗುತ್ತಿತ್ತು. ಮಿಲ್ಲಿನ ಕೆಲಸಗಾರರ ಮನೆಗಳಿದ್ದ ನಮ್ಮ ಲೈನಿನ ಹೆಂಗಸರಿಗೆ ಅದೇ ಗಡಿಯಾರ. ಭೋಂಗಾ ಕೂಗಿದರೆ ಒಲೆಯ ಮೇಲೆ ಹಂಚು ಏರುತ್ತಿತ್ತು, ಇನ್ನೊಮ್ಮೆ ಕೂಗಿದರೆ ಒಣಗಿದ ಬಟ್ಟೆ ಒಳಗೆ ಬರುತ್ತಿತ್ತು. ಗಾಳಿ ಈ ಕಡೆ ಬೀಸಿದಾಗ ಬಿದಿರು ಬೇಯಿಸುವ ವಾಸನೆಯೂ ಬರುತ್ತಿತ್ತು, ಬಹಳ ಹೊತ್ತು ಕುದಿಸಿದ ಎಲೆಕೋಸಿನ ವಾಸನೆಯಂಥದ್ದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಅಪ್ಪನ ಅಂಗಿಯ ವಾಸನೆ.

ಅಪ್ಪ ಧಾರವಾಡದ ಕಡೆಯ ಹಳ್ಳಿಯವರು. ಮಿಲ್ಲಿನಲ್ಲಿ ಬಿದಿರು ಕತ್ತರಿಸುವ ಯಂತ್ರದ ಹತ್ತಿರ ಅವರ ಕೆಲಸ. ಅಲ್ಲಿ ಪಕ್ಕದಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕು. ಕೂಗಿ ಕೂಗಿ ಅವರ ಗಂಟಲಿಗೆ ಅದೇ ರೂಢಿಯಾಗಿಬಿಟ್ಟಿತ್ತು. ಮನೆಯಲ್ಲಿ “ನೀರು ಕೊಡು” ಎಂದರೆ ಮೂರು ಮನೆಯಾಚೆ ಯಾರೋ ತಂಬಿಗೆ ಹಿಡಿದು ಎದ್ದು ನಿಲ್ಲುತ್ತಿದ್ದರು. ಇನ್ನು ಬೈಯಲು ಸುರು ಮಾಡಿದರೆ ಹೇಗಿರಬೇಡ.

ಬೇಸಿಗೆ ರಜೆಯಲ್ಲಿ ಅಪ್ಪನ ಬುತ್ತಿಯನ್ನು ಮಿಲ್ಲಿನ ಗೇಟಿಗೆ ಒಯ್ಯುವ ಕೆಲಸ ಅಕ್ಕನದು. ಊಟದ ಭೋಂಗಾ ಕೂಗಿದ ಕೂಡಲೇ ಅಪ್ಪ ಹೊರಗೆ ಬಂದು, ನೇರಳೆ ಮರದ ಕೆಳಗೆ ತಮ್ಮ ಕಡೆಯ ನಾಲ್ಕೈದು ಜನರ ಜೊತೆ ಕೂರುತ್ತಿದ್ದರು. ಕೊರಳಿನ ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಬುತ್ತಿ ಬಿಚ್ಚುತ್ತಿದ್ದರು. ಹಟ ಹಿಡಿದು ನಾನೂ ಆಗಾಗ ಅಕ್ಕನ ಬೆನ್ನು ಹತ್ತುತ್ತಿದ್ದೆ. ಅಕ್ಕನಿಂದ ದಿನಕ್ಕೊಂದು ತಪ್ಪು ಆಗಿಯೇ ಆಗುತ್ತಿತ್ತು. ಒಂದು ದಿನ ಶೇಂಗಾ ಚಟ್ನಿ ಚೆಲ್ಲಿರುತ್ತಿತ್ತು, ಇನ್ನೊಂದು ದಿನ ಉಳ್ಳಾಗಡ್ಡಿ ಮರೆತಿರುತ್ತಿದ್ದಳು. ಏನೂ ಇಲ್ಲದಿದ್ದರೆ ನನ್ನನ್ನು ಬಿಸಿಲಲ್ಲಿ ಕರೆತಂದದ್ದೇ ತಪ್ಪು.

ಅಪ್ಪ ಕೆಟ್ಟ ಮಾತು ಆಡುತ್ತಿರಲಿಲ್ಲ, ಬಹಳವೆಂದರೆ ತುಂಟಿ ಎನ್ನುವ ಹಾಗೆ ‘ಖೋಡಿ’ ಎನ್ನುತ್ತಿದ್ದರು. ಚೆಲ್ಲಿದ ಚಟ್ನಿಯಿಂದ ಸುರುವಾದ ಅವರ ಬೈಗುಳ ಶೇಂಗಾ ಬೆಳೆದವರ ಬೆನ್ನು ನೋವಿಗೆ ಹೋಗುತ್ತಿತ್ತು, ಅಲ್ಲಿಂದ ಅದನ್ನು ಹುರಿದ ಅವ್ವನ ಸುಟ್ಟ ಬೆರಳಿಗೆ, ಅಲ್ಲಿಂದ ಗಂಡನ ಮನೆಗೆ ಹೋದಾಗ ಇವಳು ಏನು ಮಾಡಿಯಾಳು ಎಂಬಲ್ಲಿಗೆ. ಒಂದು ದಿನ ಮಿಲ್ಲಿನ ಸೈರನ್ನು ನಿಲ್ಲುವುದಕ್ಕೂ ಅಪ್ಪ ಸುರು ಮಾಡುವುದಕ್ಕೂ ಸರಿಹೋಯಿತು. ಅಪ್ಪನ ಜೊತೆಗಾರರೊಬ್ಬರಿದ್ದರು, ಬೆಳಗಾವಿ ಕಡೆಯವರು, ನಾವು ಬೆಳಗಾವಿ ಕಾಕಾ ಎನ್ನುತ್ತಿದ್ದೆವು. ಅವರು ರೊಟ್ಟಿ ಮುರಿಯುತ್ತಾ, “ಮಿಲ್ಲಿನ ಭೋಂಗಾ ಒಂದ ನಿಮಿಷಕ್ಕ ನಿಂದರತೈತಿ. ಈ ಭೋಂಗಾ ಊಟ ಮುಗಿಯೂತನಕಾ ನಡೀತೈತಿ ನೋಡ್ರಿ” ಎಂದರು. ಮರದ ಕೆಳಗಿದ್ದವರೆಲ್ಲ ನಕ್ಕರು, ಅಪ್ಪನೂ ನಕ್ಕರು. ಸಂಜೆಯೊಳಗೆ ಆ ಮಾತು ನಮ್ಮ ಲೈನಿಗೆ ಬಂತು. ತಿಂಗಳೊಳಗೆ ಯಾರ ಮನೆಯಲ್ಲಿ ಯಾರು ಬೈದರೂ ಅದು ಭೋಂಗಾ. ಆ ಲೈನಿನ ಹುಡುಗಿಯರು ಮದುವೆಯಾಗಿ ಹಳಿಯಾಳಕ್ಕೆ, ಮುಂಡಗೋಡದ ಕಡೆಯ ಪಾಳಾ ಊರಿಗೆ ಹೋದಾಗ ಆ ಮಾತನ್ನೂ ಕಟ್ಟಿಕೊಂಡು ಹೋದರು. ಗಂಟಲು ಜೋರಿದ್ದರೆ ಸಾಲದು, ಬೈಯುವವರಿಗೆ ಬೈಸಿಕೊಳ್ಳುವವರ ಚಿಂತೆಯೂ ಇರಬೇಕು, ಆಗಲೇ ಅದಕ್ಕೆ ಭೋಂಗಾ ಎನ್ನುತ್ತಿದ್ದೆವು. ಸಿಟ್ಟಿಗೆ ಸುಮ್ಮನೆ ಒದರುವವರಿಗೆ ಬೇರೆ ಹೆಸರುಗಳಿದ್ದವು, ಅವು ಈಗ ಬೇಡ.

ಭೋಂಗಾದ ಕೊನೆಗೆ ಒಂದು ಪದ್ಧತಿ ಇತ್ತು. ಅಪ್ಪ ತಮ್ಮ ರೊಟ್ಟಿಯಿಂದ ಒಂದು ತುಂಡು ಮುರಿದು, ಪಲ್ಯ ಹಚ್ಚಿ ಸುರುಳಿ ಮಾಡಿ, ಬೈಸಿಕೊಂಡವರ ಬಾಯಿಗೆ ತಾವೇ ಇಡುತ್ತಿದ್ದರು. ಅವರ ತಾಯಿ ಹಾಗೆ ಮಾಡುತ್ತಿದ್ದರಂತೆ. ಬೈದವರು ತುತ್ತು ಕೊಡದೆ ಏಳಬಾರದು ಎಂಬುದು ಆ ಮನೆಯ ನೇಮ. ಬಿದಿರಿನ ಸಿಬಿರು ಹೊಕ್ಕು ಒರಟಾದ ಆ ಬೆರಳುಗಳಿಂದ ಅಕ್ಕ ದಿನಾ ತುತ್ತು ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ರೊಟ್ಟಿ. ನಾನು ಪಕ್ಕದಲ್ಲಿ ಕೂತು ಅವಳ ದವಡೆ ಅಲುಗುವುದನ್ನೇ ನೋಡುತ್ತಿದ್ದೆ.

ನನಗೆ ಯಾಕೆ ಬೈಯುತ್ತಿರಲಿಲ್ಲ? ಐದನೆಯ ವರ್ಷದಲ್ಲಿ ನನಗೆ ದೊಡ್ಡ ಜ್ವರ ಬಂದಿತ್ತಂತೆ. ತಲೆಗೂದಲೆಲ್ಲ ಉದುರಿ, ಬದುಕುವುದಿಲ್ಲ ಎಂದು ಊರಿನಿಂದ ನೆಂಟರೂ ಬಂದಿದ್ದರಂತೆ. ಅದರಿಂದ ಎದ್ದ ಮೇಲೆ ಅಪ್ಪ ನನಗೆ ಒಂದು ಏರು ಮಾತು ಆಡಿದವರಲ್ಲ. “ನನ್ನವ್ವಾ, ಉಂಡ್ಯಾ? ನನ್ನವ್ವಾ, ಮಲಗತಿಯಾ?” ಅಷ್ಟು ದೊಡ್ಡ ಗಂಟಲನ್ನು ಎಲ್ಲಿ ಅಡಗಿಸುತ್ತಿದ್ದರೋ. ನಾನೂ ಏನೇನೋ ಮಾಡಿ ನೋಡಿದೆ. ಅವರು ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನು ಬೇಕೆಂದೇ ಬೀಳಿಸಿದೆ. “ಹೋಗ್ಲಿ ಬಿಡು ನನ್ನವ್ವಾ, ಕಾಲಿಗೆ ಚುಚ್ಚೀತು, ಆ ಕಡೆ ಸರಿ” ಎಂದು ತಾವೇ ಚೂರು ಆರಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಸಣ್ಣವಳ ಕೈಗೆ ಸಿಗುವ ಹಾಗೆ ಕನ್ನಡಿ ಇಟ್ಟವರು ಯಾರು ಎಂದು ಸುರು ಮಾಡಿದರು. ಕನ್ನಡಿ ಒಡೆದವಳು ನಾನು, ಭೋಂಗಾ ಅವಳಿಗೆ, ತುತ್ತೂ ಅವಳಿಗೆ. ಅಂದು ನಾನು ಗೋಡೆಯ ಕಡೆ ಮುಖ ಮಾಡಿ ಉಂಡೆ.

ಅಂಥ ಒಂದು ರಜೆಯ ದಿನ, ನನಗೆ ಆಗ ಒಂಬತ್ತು ವರ್ಷ, ಅವ್ವ ಬದನೆಕಾಯಿ ಪಲ್ಯ ಮಾಡಿದ್ದಳು. ಬುತ್ತಿಯನ್ನು ಬಾಗಿಲ ಹತ್ತಿರ ಇಟ್ಟು, ಕೊಡ ಹಿಡಿದು ನಳಕ್ಕೆ ಹೋದಳು. ಅಕ್ಕ ಹಿತ್ತಲಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಂದು ಮುಷ್ಟಿ ಉಪ್ಪು ಹಾಕಿ ಬೆರಳಿನಿಂದ ಕಲಸಿದೆ. ನನ್ನ ಲೆಕ್ಕ ಸರಳವಾಗಿತ್ತು. ಬುತ್ತಿ ತಂದವರಿಗೆ ತಾನೇ ಅಪ್ಪ ಬೈಯುವುದು? ಇವತ್ತು ತರುವವಳು ನಾನು. ಅಕ್ಕ ಅಲ್ಲಿ ಇರುವುದೇ ಇಲ್ಲ. ಬೇರೆ ಯಾರಿಗೂ ಬೈಯಲು ಅಪ್ಪನಿಗೆ ದಾರಿ ಇರಬಾರದು.

ಓಡಿದೆ. ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಬಿದಿರು ತುಂಬಿದ ಲಾರಿಗಳು ಬಿದಿರಿನ ತುದಿಗಳನ್ನು ಬಾಲದಂತೆ ಎಳೆಯುತ್ತಾ ಮೈಮೇಲೆ ಬಂದಂತೆ ಹೋಗುತ್ತಿದ್ದವು. ಅವುಗಳ ಹಿಂದೆ ಏಳುವ ಧೂಳು ಬಾಯಿಗೆ ಬರುತ್ತಿತ್ತು. ಗೇಟು ಮುಟ್ಟುವುದಕ್ಕೂ ಊಟದ ಭೋಂಗಾ ಕೂಗುವುದಕ್ಕೂ ಸರಿಹೋಯಿತು. ಹೊರಗೆ ಬಂದ ಅಪ್ಪ ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಅವರ ಮುಖ ಬೆಳ್ಳಗಾಯಿತು. ಈಗ ಸುರುವಾಗುತ್ತದೆ ಎಂದು ನಾನು ಉಸಿರು ಹಿಡಿದು ನಿಂತೆ. “ಒಬ್ಬಾಕೀನ ಬಂದ್ಯಾ ನನ್ನವ್ವಾ?” ಎಂದರು, ಅಷ್ಟೇ. ಹೆಗಲ ಮೇಲಿನ ವಸ್ತ್ರದಿಂದ ನನ್ನ ಮುಖ ಒರೆಸಿ ನೆರಳಿಗೆ ಕೂರಿಸಿದರು.

ಇರಲಿ, ಉಪ್ಪು ಇನ್ನೂ ಇದೆಯಲ್ಲ ಎಂದುಕೊಂಡೆ. ಅಪ್ಪ ಮೊದಲ ತುತ್ತು ಬಾಯಿಗಿಟ್ಟರು. ದವಡೆ ನಿಂತಿತು. ನಾನು ಕಣ್ಣು ಮಿಟುಕಿಸಲಿಲ್ಲ. ದವಡೆ ಮತ್ತೆ ನಡೆಯಿತು. “ಪಲ್ಯ ಭಾಳ ಚಲೋ ಆಗೇತಿ” ಎಂದರು. ಬೆಳಗಾವಿ ಕಾಕಾ ಅದೇ ಡಬ್ಬಿಯಿಂದ ಒಂದು ತುತ್ತು ತೆಗೆದುಕೊಂಡು ಉಗುಳಲು ಬಾಯಿ ತೆರೆದರು. ಅಪ್ಪ ಕಣ್ಣಿನಲ್ಲೇ ಬೇಡ ಎಂದರು. ಕಾಕಾ ನುಂಗಿ, ಒಂದು ತಂಬಿಗೆ ನೀರು ಗಟಗಟ ಕುಡಿದರು. ಅಪ್ಪ ಎರಡನೆಯ ರೊಟ್ಟಿಗೆ ಕೈ ಹಾಕಿದರು. ಆಗ ನನಗೆ ಗೊತ್ತಾಯಿತು, ಆ ಮನೆಯಲ್ಲಿ ನಾನು ಬೀಗರು. ಬೀಗರ ಮನೆಯ ಊಟ ಹೇಗಿದ್ದರೂ ಚಲೋ ಆಗೇತಿ ಎನ್ನುತ್ತಾರಲ್ಲ, ಹಾಗೆ. ಅಕ್ಕ ಮಗಳು, ನಾನು ಬೀಗರು. 

ಅಷ್ಟರಲ್ಲಿ ಅಕ್ಕ ಓಡಿ ಬಂದಳು. ಅರ್ಧ ಜಡೆ, ಒಂದೇ ಕಾಲಿಗೆ ಚಪ್ಪಲಿ. ನಳದ ಹತ್ತಿರ, ಮಗ್ಗುಲ ಮನೆಗಳಲ್ಲಿ, ಹೊಳೆಯ ದಂಡೆಯಲ್ಲಿ ನನ್ನನ್ನು ಹುಡುಕಿ ಬಂದಿದ್ದಳು. ನನ್ನನ್ನು ನೋಡಿದ್ದೇ ಅಲ್ಲೇ ಕುಸಿದು ಅತ್ತಳು. ಅಪ್ಪ ಎದ್ದು ನಿಂತರು. “ಕಣ್ಣು ಎಲ್ಲಿಟ್ಟಿದ್ದಿ? ಲಾರಿ ಓಡಾಡೂ ರಸ್ತೆದಾಗ ಸಣ್ಣಾಕಿ ಒಬ್ಬಾಕಿ ಬರ್ತಾಳಂದ್ರ ನೀ ಏನ್ ಮಾಡಾಕತ್ತಿದ್ದಿ?” ಸುರುವಾಯಿತು. ಜಡೆಯಿಂದ ಲಾರಿಗೆ, ಲಾರಿಯಿಂದ ಅವ್ವನಿಗೆ, ಅವ್ವನಿಂದ ಗಂಡನ ಮನೆಗೆ. ಕೊನೆಗೆ ರೊಟ್ಟಿ ಮುರಿದು, ಅದೇ ಪಲ್ಯ ಹಚ್ಚಿ ಅವಳ ಬಾಯಿಗಿಟ್ಟರು.

ಅಕ್ಕ ಮುಂಜಾನೆ ಪಲ್ಯದ ರುಚಿ ನೋಡಿದ್ದಳು. ಒಂದು ಸಲ ಅಗಿದು ನನ್ನ ಕಡೆ ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಒಂದು ಮಾತು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಅವಳು ಹೇಳಲಿಲ್ಲ, ಕಣ್ಣು ಮುಚ್ಚಿ ನುಂಗಿದಳು. ನನಗೆ ಅವಳ ಮೇಲೆ ಕನಿಕರ ಬಂತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ಬರಲಿಲ್ಲ. ನನ್ನ ಬೈಗುಳ ಅವಳಿಗೆ ಹೋಯಿತು, ನನ್ನ ತುತ್ತು ಹೋಯಿತು, ಕೊನೆಗೆ ನಾನು ಹಾಕಿದ ಉಪ್ಪನ್ನೂ ಇವಳೇ ತಿಂದಳಲ್ಲ ಎಂದು ಮೈಯೆಲ್ಲ ಉರಿಯಿತು. ಎದ್ದು ಅವರಿಬ್ಬರ ನಡುವೆ ನಿಂತೆ.

“ಉಪ್ಪು ಹಾಕಿದಾಕಿ ನಾನು. ಬುತ್ತಿ ಕದ್ದು ತಂದಾಕೀನೂ ನಾನು. ಅದು ನನ್ನ ಬೈಗಳ, ಅಕಿಗ್ಯಾಕ ಕೊಡ್ತೀರಿ?” ಎಂದೆ.

 “ಬೇಕಂತ ಹಾಕಿದ್ಯಾ?” ಎಂದರು ಅಪ್ಪ. ಹೂಂ ಎಂದೆ. “ಯಾಕ?”

“ನೀವು ನನಗ ಬೈಲಿ ಅಂತ.”

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಹಾಕಿದರು.  ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಬಾಯಿ ತೆರೆದರು. ಅದೇ ಹೊತ್ತಿಗೆ ಒಳಗೆ ಕರೆಯುವ ಭೋಂಗಾ ಕೂಗಿತು. ಅಪ್ಪನ ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಕೊರಳಿನ ನರ ಉಬ್ಬಿದೆ, ನನ್ನ ಕಿವಿಗೆ ಒಂದು ಅಕ್ಷರವೂ ಬೀಳುತ್ತಿಲ್ಲ. ನಾಲ್ಕು ವರ್ಷ ಕಾದದ್ದು ನನ್ನ ಕಣ್ಣೆದುರಿಗೇ ಗಾಳಿಗೆ ಹೋಗುತ್ತಿತ್ತು. ಸೈರನ್ನು ನಿಂತಾಗ ಅವರೂ ನಿಲ್ಲಿಸಿದ್ದರು. ಜನ ಎದ್ದು ಗೇಟಿನ ಕಡೆ ಹೊರಟಿದ್ದರು. ನಾನು ದೊಡ್ಡ ದನಿ ತೆಗೆದು ಅತ್ತೆ. “ನನಗ ಏನೂ ಕೇಳಸಲಿಲ್ಲ.”

ಗೇಟಿನವನು ಕೈ ಬೀಸಿ ಕರೆಯುತ್ತಿದ್ದ. ಅಪ್ಪ ಒಮ್ಮೆ ಅತ್ತ ನೋಡಿದರು, ಒಮ್ಮೆ ಇತ್ತ ನೋಡಿದರು. ವಸ್ತ್ರವನ್ನು ಕಾಕಾನ ಕೈಗೆ ಕೊಟ್ಟು ನನ್ನ ಮುಂದೆ ಬಂದು ನಿಂತರು. “ಕೇಳಸಲಿಲ್ಲ? ಹಂಗಾರ ಮೊದಲಿಂದ ಕೇಳು” ಎಂದರು.

ಮಕ್ಕಳೇ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. “ಉಪ್ಪಂದ್ರ ಏನ್ ಮಣ್ಣು ಅಂತ ತಿಳಿದೀಯೇನು? ನಿಮ್ಮವ್ವ ನಸುಕಿನ್ಯಾಗ ಎದ್ದು ಮಾಡಿದ ಪಲ್ಯಾನ ಹಾಳ ಮಾಡೂ ಕೈ ಯಾವ ಕೈ? ಎಲ್ಲಿ ತೋರಸು. ಈ ಕೈ ಬೆಂಕಿಗತೆ ಸುಡತಿತ್ತು, ಹದಿನಾಲ್ಕು ದಿನ ಇದನ್ನ ಹಿಡಕೊಂಡು ಕುಂತಿದ್ದೆ ನಾನು. ಶಿವನೇ, ಇದೊಂದು ಕೂಸು ಉಳಸಿ ಕೊಡು, ಇದಕ್ಕ ಜನ್ಮದಾಗ ಒಂದು ಮಾತು ಬೈಯಂಗಿಲ್ಲ ಅಂತ ಹರಕಿ ಹೊತ್ತೇನಿ. ಬೈಯೂದು ಬಂದಾಗೆಲ್ಲಾ ಹಲ್ಲು ಕಚ್ಚಿ ಹಿಡದೇನಿ. ಹಿಡಿಯಾಕ ಆಗದಾಗ ನಿನ್ನ ಪಾಲಿಂದೂ ಅಕಿಗೇ ಬೈದೇನಿ. ಪಾಪ, ಅಕಿ ಎರಡು ಮಂದಿ ಬೈಗಳ ಒಬ್ಬಾಕೀನ ತಿಂದಾಳ. ಇವತ್ತ ಆ ಹರಕಿ ಮುರಿಸಿದ್ಯಲ್ಲಾ, ಖೋಡಿ…”

ಖೋಡಿ ಎಂದರು. ನನ್ನವ್ವಾ ಅಲ್ಲ. ಅಕ್ಕನಿಗೆ ಎನ್ನುವ ಹಾಗೆಯೇ ನನಗೂ ಖೋಡಿ ಎಂದರು.

ಡಬ್ಬಿಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಉಳಿದ ಪಲ್ಯವನ್ನೆಲ್ಲ ಬಳಿದು ಹಚ್ಚಿ, ಸುರುಳಿ ಮಾಡಿ ನನ್ನ ಬಾಯಿಗಿಟ್ಟು, “ಪೂರಾ ತಿನ್ನು, ನೀ ಮಾಡಿದ ಅಡಗಿ” ಎಂದು ಗೇಟಿನ ಕಡೆ ಓಡಿದರು. ತಡವಾಗಿದ್ದಕ್ಕೆ ಅಂದು ಅವರ ಮೇಲಿನ ಮುಕಾದಮನಿಂದ ಅವರಿಗೂ ಒಂದು ಭೋಂಗಾ ಆಯಿತೆಂದು ಕಾಕಾ ಆಮೇಲೆ ಹೇಳಿದರು. ಉಪ್ಪಿಗೆ ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ನಾನು ಒಂದು ಚೂರೂ ಬಿಡಲಿಲ್ಲ. ಹೊಟ್ಟೆ ತಣ್ಣಗಾಯಿತು.

ಮನೆಗೆ ಬರುವಾಗ ಸಿಕ್ಕ ನಳಕ್ಕೆಲ್ಲ ಬಾಯಿ ಹಚ್ಚಿ ನೀರು ಕುಡಿದೆವು. ಅಕ್ಕ ತನ್ನ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. “ನಿನಗ ನನ್ನವ್ವಾ ಅಂತಾರಲ್ಲ, ನನಗ ಒಮ್ಮೆನೂ ಅಂದಿಲ್ಲ. ಹೊಟ್ಟಿ ಉರೀತಿತ್ತು ನನಗ” ಎಂದಳು.   ಅವಳ ಕೈಯಿಂದ ಖಾಲಿ ಬುತ್ತಿ ತೆಗೆದುಕೊಂಡು ನಾನೇ ಹಿಡಿದುಕೊಂಡೆ.

ಸೋಮವಾರ ಅಪ್ಪ ಶಿವನ ಗುಡಿಗೆ ಹೋಗಿ ಕಾಯಿ ಒಡೆಸಿ, ಕೂಸೇ ಕೇಳಿತು, ನನ್ನ ತಪ್ಪಿಲ್ಲ ಎಂದು ಬೇಡಿಕೊಂಡು ಬಂದರು. ಬಂದವರು ಅಕ್ಕನನ್ನು ಕರೆದು, “ನನ್ನವ್ವಾ, ಪ್ರಸಾದ ತಗೋ” ಎಂದರು. ಅಕ್ಕನ ಮುಖ ಅರಳಿತು. ನನಗೆ ಮತ್ತೆ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚಿನ ಸ್ವಭಾವ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಈಗ ನಿಮ್ಮ ಕಾಲಕ್ಕೆ ಬರೋಣ. ನಿಮ್ಮ ಅಮ್ಮ, ನನ್ನ ಮಗಳು, ಮುಂಜಾನೆ ಗಣೇಶಗುಡಿಯ ಬಸ್ಸು ಹಿಡಿದು ಹೋಂಸ್ಟೇ ಅಡುಗೆಗೆ ಹೋಗುತ್ತಾಳೆ. ಅವಳ ಭೋಂಗಾ ನಿಮಗೆ ಫೋನಿನಲ್ಲಿ ರೆಕಾರ್ಡಾಗಿ ಬರುತ್ತದೆ. ನೀವು ಅದರ ವೇಗ ಹೆಚ್ಚಿಸಿ, ಅಮ್ಮನ ದನಿ ಗುಬ್ಬಿಯ ಹಾಗೆ ಚಿಲಿಪಿಲಿ ಆಗುವಂತೆ ಮಾಡಿ ನಗುತ್ತೀರಿ. ಇಡೀ ಕೇಳುವುದೂ ಇಲ್ಲ. ನಾನು ಒಂದು ಭೋಂಗಾವನ್ನು ಎರಡು ಸಲ ಹೇಳಿಸಿಕೊಂಡವಳು, ನಿಮ್ಮನ್ನು ನೋಡಿ ನನಗೆ ಏನಾಗಬೇಡ ಹೇಳಿ. ಫೋನಿನ ಬೆನ್ನಿಗೆ ತುತ್ತು ಬರುವುದಿಲ್ಲ, ನಿಜ. ಆದರೆ ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಅವಳು ಮೊದಲು ಮಾಡುವ ಕೆಲಸ ಏನು? ಬೆಳಿಗ್ಗೆ ಬೈಸಿಕೊಂಡವರ ಬಾಯಿಗೆ ರೊಟ್ಟಿಯ ಸುರುಳಿ ಇಡುವುದು. ಅದು ಎಲ್ಲಿಂದ ಬಂತೆಂದು ಈಗ ನಿಮಗೆ ಗೊತ್ತಾಯಿತು.

ನನಗೆ ಬಿಪಿ ಇದೆ ಎಂದು ಡಾಕ್ಟರು ಹೇಳಿದಂದಿನಿಂದ ಈ ಮನೆಯಲ್ಲಿ ನಾನು ಮತ್ತೆ ಬೀಗರು. ನಿಮ್ಮ ಅಮ್ಮ ಯಾವ ಹರಕೆ ಹೊತ್ತಿದ್ದಾಳೋ ಗೊತ್ತಿಲ್ಲ. ಉಪ್ಪಿನಕಾಯಿ ಮುಟ್ಟಬಾರದೆಂದು ಭರಣಿಯನ್ನು ಮೇಲೆ ಇಟ್ಟಿದ್ದಾಳೆ. ಕಳೆದ ವಾರ ನಾನು ಸ್ಟೂಲು ಹತ್ತಿ ಇಳಿಸಿ ತಿಂದೆ. ಸಿಕ್ಕಿಬಿದ್ದೆ. “ಹೋಗ್ಲಿ ಬಿಡವಾ” ಎಂದು ಮೆತ್ತಗೆ ಅಂದಳು. ಆಮೇಲೆ ನಿಮ್ಮಿಬ್ಬರ ಕಡೆ ತಿರುಗಿ, ಅಜ್ಜಿ ಸ್ಟೂಲು ಹತ್ತುವಾಗ ನಿಮ್ಮ ಕಣ್ಣು ಎಲ್ಲಿತ್ತು ಎಂದು ಸುರು ಮಾಡಿದಳು. ನನ್ನ ಅಪ್ಪನ ಗಂಟಲೇ ಅದು. ತುತ್ತೂ ನಿಮಗೇ ಹೋಯಿತು. ನಾನು ಬಾಗಿಲ ಹತ್ತಿರ ನಿಂತು ನಿಮ್ಮ ದವಡೆ ಅಲುಗುವುದನ್ನು ನೋಡುತ್ತಿದ್ದೆ.

ಇವತ್ತು ಮಧ್ಯಾಹ್ನ ಮತ್ತೆ ತಿಂದಿದ್ದೇನೆ. ಭರಣಿಯನ್ನು ಅಡಗಿಸಿಲ್ಲ, ಅವಳು ಬಂದ ಕೂಡಲೇ ಕಾಣುವ ಹಾಗೆ ಕಟ್ಟೆಯ ಮೇಲೇ ಇಟ್ಟಿದ್ದೇನೆ. ಬಸ್ಸು ಬರುವ ಹೊತ್ತಾಯಿತು. ಅವಳು ನಿಮ್ಮ ಕಡೆ ತಿರುಗಿದರೆ ಪಕ್ಕಕ್ಕೆ ಸರಿದು ನಿಲ್ಲಿ, ನಾನು ಮುಂದೆ ಬರುತ್ತೇನೆ. ಬೈದು ಮುಗಿಸಿದ ಮೇಲೆ ತುತ್ತು ಕೊಡುವುದನ್ನು ಮರೆತರೆ ನೀವೇ ನೆನಪು ಮಾಡಿ. ಉಪ್ಪಿಲ್ಲದ ರೊಟ್ಟಿಯಾದರೂ ನಡೆದೀತು.